ಯಂತ್ರ ಬರೆದ ನುಡಿನಮನಕ್ಕೆ ಅತ್ತದ್ದು ಸುಳ್ಳೇ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಕನ್ನಡ ಶಿಕ್ಷಕಿ. ನಮ್ಮ ಸೋದರಮಾವ ತೀರಿಕೊಂಡಾಗ ಶಿವಗಣಾರಾಧನೆ ದಿನ ಓದಲಿಕ್ಕೆಂದು ಅವರ ಮಗ ಮೊಬೈಲಿನ ಎಐಯಿಂದ ನುಡಿನಮನ ಬರೆಸಿದ. ಓದುವಾಗ ಮನೆಮಂದಿಯೆಲ್ಲ ಅತ್ತರು, ನನಗೂ ಕಣ್ಣು ತುಂಬಿತು. ಬರೆದದ್ದು ಯಂತ್ರ ಎಂದು ಆಮೇಲೆ ಗೊತ್ತಾಯಿತು. ಆ ಮಾತಿನಲ್ಲಿ ಅರ್ಥ ಇತ್ತೇ? ಇದ್ದರೆ ಎಲ್ಲಿಂದ ಬಂತು? ನಮ್ಮ ಮನೆಯವರು ಭತ್ತಕ್ಕೆ ಔಷಧಿ ಎಷ್ಟು ಹೊಡೆಯಬೇಕು ಅಂತಲೂ ಅದನ್ನೇ ಕೇಳುತ್ತಾರೆ. ಅದು ತಪ್ಪು ಹೇಳಿದರೆ ಹೊಣೆ ಯಾರದು? ಮಗಳು ‘ದೇವರು ಇದ್ದಾನಾ’ ಎಂದು ಕೇಳಿದ್ದಕ್ಕೆ ಎರಡು ಪುಟ ಉತ್ತರ ಕೊಟ್ಟಿತು. ಕಾಂಟ್, ಹುಸರ್ಲ್ ಓದಿದರೆ ದಾರಿ ಸಿಗುತ್ತದೆ ಎಂದು ಒಬ್ಬರು ಹೇಳಿದರು. ಐದಾರು ಶಿಕ್ಷಕರು ಕೂಡಿ ಓದುವ ಗುಂಪು ನಮ್ಮಲ್ಲಿದೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ನೀವು ಅತ್ತದ್ದು ಸುಳ್ಳಲ್ಲ, ಅದನ್ನು ಮೊದಲೇ ಇತ್ಯರ್ಥ ಮಾಡಿಬಿಡೋಣ. ನುಡಿನಮನ ಕೇಳುವಾಗ ನಿಮ್ಮ ಮನಸ್ಸು ಮಾವನ ಕಡೆ ಹೋಯಿತು. ಮಾತು ಅರ್ಥವಾಯಿತು, ಅರ್ಥವಾದ್ದರಿಂದಲೇ ಕಣ್ಣು ತುಂಬಿತು. ತಕರಾರು ಇರುವುದು ಇನ್ನೊಂದು ಕಡೆ: ಕೇಳಿದವರಲ್ಲಿ ನಡೆದದ್ದು ಬರೆದುಕೊಟ್ಟ ಕಡೆಯೂ ನಡೆದಿತ್ತೇ? ಇದಕ್ಕೆ ‘ಯಂತ್ರಕ್ಕೆ ಪ್ರಜ್ಞೆ ಇದೆಯೋ ಇಲ್ಲವೋ’ ಎಂದು ವಾದಕ್ಕೆ ಕೂತರೆ ಬೆಳತನಕ ಕೂತರೂ ಮುಗಿಯುವುದಿಲ್ಲ. ಒಳಗೆ ಇಣುಕಿ ನೋಡುವ ಕಿಟಕಿ ಯಾರ ಹತ್ತಿರವೂ ಇಲ್ಲ.

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ (1724–1804) ಪ್ರಶ್ನೆಯನ್ನೇ ತಿರುಗಿಸಿದ. ಲೋಕದಲ್ಲಿ ಏನೇನಿದೆ ಎಂದು ಕೇಳುವ ಮೊದಲು, ಯಾವುದಾದರೂ ಒಂದು ನಮಗೆ ಅನುಭವವಾಗಬೇಕಾದರೆ ಮುಂಚೆಯೇ ಏನೇನು ಇರಬೇಕು ಎಂದು ಕೇಳಿದ. 1781ರ ‘ಶುದ್ಧ ವಿವೇಚನೆಯ ವಿಮರ್ಶೆ’ ಈ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಟ್ರಾನ್ಸೆಂಡೆಂಟಲ್ ತತ್ವಶಾಸ್ತ್ರ ಎಂದರೆ ಇದೇ ವಿಚಾರಣೆ. ಆಕಾಶದಾಚೆಯ ಸಂಗತಿಗಳಿಗೂ ಅದಕ್ಕೂ ಸಂಬಂಧವಿಲ್ಲ. ನೂರು ವರ್ಷ ಕಳೆದ ಮೇಲೆ ಎಡ್ಮಂಡ್ ಹುಸರ್ಲ್ (1859–1938) ಅದೇ ದಾರಿಯನ್ನು ಇನ್ನಷ್ಟು ಹತ್ತಿರಕ್ಕೆ ತಂದ. ಒಂದು ವಸ್ತು, ಒಂದು ಮಾತು, ಒಬ್ಬ ಮನುಷ್ಯ ನಮಗೆ ಹೇಗೆ ಕಾಣಿಸಿಕೊಳ್ಳುತ್ತದೆ, ಕಾಣಿಸಿಕೊಳ್ಳುವಾಗ ನಮ್ಮ ಕಡೆಯಿಂದ ಏನು ನಡೆಯುತ್ತದೆ ಎಂದು ವಿವರ ವಿವರವಾಗಿ ಬರೆದ. ಇದಕ್ಕೆ ಫಿನಾಮಿನಾಲಜಿ ಎನ್ನುತ್ತಾರೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಬೇಕಾದ ಹತಾರ ಇಲ್ಲಿದೆ.

ಅರ್ಥದಿಂದ ಶುರು ಮಾಡೋಣ. 1900–01ರಲ್ಲಿ ಪ್ರಕಟವಾದ ‘ತಾರ್ಕಿಕ ಶೋಧನೆಗಳು’ ಗ್ರಂಥದ ಮೊದಲ ಶೋಧನೆಯಲ್ಲಿ ಹುಸರ್ಲ್ ಒಂದು ಮಾತಿನಲ್ಲಿ ಮೂರು ಪದರ ಬಿಡಿಸುತ್ತಾನೆ. ಒಂದು, ಕಿವಿಗೆ ಬೀಳುವ ಸದ್ದು ಅಥವಾ ಕಣ್ಣಿಗೆ ಕಾಣುವ ಗೆರೆ. ಎರಡು, ಆ ಸದ್ದಿನ ಮೂಲಕ ಯಾವುದೋ ಒಂದರ ಕಡೆಗೆ ಮನಸ್ಸು ನೆಟ್ಟುಕೊಳ್ಳುವ ಕ್ರಿಯೆ. ಮೂರು, ಆ ನೆಟ್ಟ ನೋಟಕ್ಕೆ ವಸ್ತುವೇ ಎದುರು ಸಿಕ್ಕು ಅದು ತುಂಬುವುದು. ಎರಡನೆಯದು ಇದ್ದು ಮೂರನೆಯದು ಇನ್ನೂ ಬಂದಿರದಿದ್ದರೆ ಅದು ಖಾಲಿ ನೆಡಿಕೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ನೀರು ನಂಬಿದ ನಿಮ್ಮ ಕಡೆಯ ಒಬ್ಬ ರೈತನಿಗೆ ಆ ರಾತ್ರಿ ‘ಗೇಟ್ ಹೋಯ್ತಂತೆ’ ಎಂದು ಫೋನ್ ಬಂತು ಎಂದುಕೊಳ್ಳಿ. ಕೇಳಿದ ಕ್ಷಣವೇ ಅವನಿಗೆ ಅರ್ಥವಾಗುತ್ತದೆ, ಇನ್ನೂ ಏನನ್ನೂ ನೋಡಿರುವುದಿಲ್ಲ. ಇದು ಖಾಲಿ ನೆಡಿಕೆ. ಬೆಳಿಗ್ಗೆ ವಿಡಿಯೊ ನೋಡಿದಾಗ ಅರ್ಧ ತುಂಬುತ್ತದೆ. ಮುನಿರಾಬಾದ್ ಕಡೆ ಹೋಗಿ, 33 ಗೇಟುಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ತಡೆಯೇ ಇಲ್ಲದೆ ನೀರು ಧುಮ್ಮಿಕ್ಕುವುದನ್ನು ಕಣ್ಣಾರೆ ಕಂಡರೆ ಪೂರ್ತಿ ತುಂಬುತ್ತದೆ. ಅದೇ ರಾತ್ರಿ ‘ಡ್ಯಾಮೇ ಒಡೆದದೆ’ ಎಂಬ ಮಾತು ಕೇಳಿ ನಂಬಿ ಹೋದವನಿಗೆ ಅಲ್ಲಿ ಗೋಡೆ ಗಟ್ಟಿಯಾಗಿ ನಿಂತದ್ದು ಕಾಣುತ್ತದೆ. ಅವನ ನೆಡಿಕೆ ಹುಸಿಯಾಗುತ್ತದೆ. ಹುಸಿಯಾಗುವುದನ್ನು ಹುಸರ್ಲ್ ಬರೀ ಸೋಲು ಎಂದು ಎಣಿಸುವುದಿಲ್ಲ. ಯಾವ ವಸ್ತುವಿನ ಬಗ್ಗೆ ನಾನು ‘ಹೀಗಿದೆ’ ಎಂದುಕೊಂಡಿದ್ದೆನೋ ಅದೇ ವಸ್ತು ‘ಹಾಗಿಲ್ಲ’ ಎಂದು ತೋರಿತು. ಎರಡರ ನಡುವೆಯೂ ವಸ್ತು ಒಂದೇ ಎಂಬ ಹಿಡಿತ ತಪ್ಪಲಿಲ್ಲ. ಆ ಹಿಡಿತವಿಲ್ಲದೆ ಯಾರಿಗೂ ಯಾವುದೂ ಹುಸಿಯಾಗಲು ಬರುವುದಿಲ್ಲ. ಮುಂದಿನದಕ್ಕೆಲ್ಲ ಒಂದೇ ಅಳತೆಗೋಲು ಕೇಳಿದರೆ ಇದನ್ನೇ ಕೊಡುತ್ತೇನೆ: ಒಂದು ಮಾತು ಹುಸಿಯಾದರೆ ಅದು ಯಾರಿಗೆ ಹುಸಿಯಾಯಿತು?

ಈಗ ಯಂತ್ರದ ಕಡೆ ನೋಡಿ. ‘ಮಳೆ’ ನಮಗೆ ಎರಡು ಅಕ್ಷರ. ಕಂಪ್ಯೂಟರಿನಲ್ಲಿ ಅದು ಮ, ಳ ಮತ್ತು ಎತ್ವ, ಹೀಗೆ 3 ಯೂನಿಕೋಡ್ ಸಂಕೇತ. ಯುಟಿಎಫ್-8 ಎಂಬ ಸಂಗ್ರಹ ಕ್ರಮದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 9 ಬೈಟ್. ಇವನ್ನು ಟೋಕನ್ ಎಂಬ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೆ ಸಂಖ್ಯೆಗಳ ಒಂದು ಉದ್ದನೆಯ ಸಾಲನ್ನು ಗೊತ್ತು ಮಾಡುತ್ತಾರೆ. ಕನ್ನಡದ ಪದ ಇಂಗ್ಲಿಷಿನದಕ್ಕಿಂತ ಹೆಚ್ಚು ತುಂಡಾಗುವುದು ಮಾಮೂಲು. 2017ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ ವಿನ್ಯಾಸ ಈ ಸಾಲುಗಳನ್ನು ಒಂದಕ್ಕೊಂದು ತೂಗಿ ನೋಡಿ, ಮುಂದಿನ ತುಂಡು ಯಾವುದಿರಬಹುದು ಎಂಬುದಕ್ಕೆ ಸಂಭವನೀಯತೆ ಲೆಕ್ಕ ಹಾಕುತ್ತದೆ, ಒಂದನ್ನು ಆರಿಸುತ್ತದೆ, ಅದನ್ನೂ ಸೇರಿಸಿಕೊಂಡು ಮತ್ತೆ ಲೆಕ್ಕ ಹಾಕುತ್ತದೆ. ತರಬೇತಿಯಲ್ಲಿ ‘ತಪ್ಪು’ ಎಂದರೆ ಅದು ಊಹಿಸಿದ ತುಂಡಿಗೂ ಬರಹದಲ್ಲಿ ನಿಜವಾಗಿ ಇದ್ದ ತುಂಡಿಗೂ ಇರುವ ಅಂತರ. ಗೇಟ್ ಕೊಚ್ಚಿಹೋಯಿತೋ ಇಲ್ಲವೋ ಎಂಬುದು ಆ ಲೆಕ್ಕದೊಳಗೆ ಬರುವುದಿಲ್ಲ. ‘ಕೊಚ್ಚಿಹೋಯಿತು’ ಎಂದು ಯಾರಾದರೂ ಬರೆದಿದ್ದರೋ ಇಲ್ಲವೋ ಎಂಬುದಷ್ಟೇ ಬರುತ್ತದೆ. ಮೊದಲ ಪದರ ಭರಪೂರ ಇದೆ. ಮೂರನೆಯದು ಇಲ್ಲ. ಎರಡನೆಯದು ಇದ್ದ ಹಾಗೆ ಕಾಣುತ್ತದೆ, ಏಕೆಂದರೆ ಆ ಕ್ರಿಯೆಯನ್ನು ಓದುವಾಗ ನಾವೇ ಮಾಡುತ್ತಿರುತ್ತೇವೆ.

ಹಾಗಾದರೆ ನುಡಿನಮನದ ಅರ್ಥ ಬಂದದ್ದೆಲ್ಲಿಂದ? ಇದಕ್ಕೆ ನಿಮ್ಮ ಜಿಲ್ಲೆಯ ಮಸ್ಕಿಗಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿನ ಬಂಡೆಯ ಮೇಲೆ ಅಶೋಕನ ಕಿರುಶಾಸನ ಇದೆ: ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಶತಮಾನಗಳ ಕಾಲ ಓದಬಲ್ಲವರಿಲ್ಲದೆ ಗೆರೆಗಳು ಗೆರೆಗಳಾಗಿಯೇ ಉಳಿದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟು ಬಿಡಿಸಿದ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಈ ಬಂಡೆಯನ್ನು ಗುರುತಿಸಿದ. ಓದಿದಾಗ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರೇ ಸಿಕ್ಕಿತು. ಕಲ್ಲಿನಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಹುಸರ್ಲ್ 1936ರಲ್ಲಿ ಬರೆದ ‘ರೇಖಾಗಣಿತದ ಮೂಲ’ ಎಂಬ ಸಣ್ಣ ಬರಹದಲ್ಲಿ ಇದಕ್ಕೇ ಎರಡು ಹೆಸರು ಕೊಡುತ್ತಾನೆ. ಬರವಣಿಗೆಯಲ್ಲಿ ಅರ್ಥ ಹೂಳಿನ ಹಾಗೆ ತಳಕ್ಕೆ ಕೂರುತ್ತದೆ; ಓದುಗ ಅದನ್ನು ಮತ್ತೆ ಜೀವಂತ ಮಾಡಬೇಕು. ಬರೆಯುವುದು ಒಂದು ಕೆಲಸ, ಮರುಜೀವ ಕೊಡುವುದು ಇನ್ನೊಂದು. ಎರಡನೆಯದನ್ನು ಮಾಡದೆ ಸಂಕೇತಗಳನ್ನು ಹೊರಳಿಸುತ್ತಲೇ ಇರಬಹುದು ಎಂದು ಅವನು ಅಲ್ಲಿಯೇ ಎಚ್ಚರಿಸುತ್ತಾನೆ.

ಇಂದಿನ ಎಐ ಭಾಷಾ ಮಾದರಿಗಳು ಆ ಹೂಳಿನ ಮೇಲೆ ತರಬೇತಾದವು. ನಿಮ್ಮ ಮನೆಯ ನುಡಿನಮನಕ್ಕೆ ಒದಗಿದ್ದು ಎಷ್ಟೋ ಜನ ಎಷ್ಟೋ ಸಾವುಗಳ ಎದುರು ನಿಂತು ಬರೆದ ಮಾತು; ಅದರ ಜೊತೆ ನಿಮ್ಮ ಮಾವನ ಮಗ ಟೈಪ್ ಮಾಡಿದ ನಾಲ್ಕು ವಿವರ; ಕೊನೆಗೆ ನೀವೆಲ್ಲ ಕೂತು ಕೇಳುವಾಗ ಕೊಟ್ಟ ಮರುಜೀವ. ಬೇಕಿದ್ದರೆ ಆ ಹಾಳೆ ತರಿಸಿ ಪೆನ್ಸಿಲ್ ಹಿಡಿದು ಕೂಡಿ. ‘ಕಷ್ಟ ಎಂದು ಬಂದವರಿಗೆ ಇಲ್ಲವೆನ್ನದ ಜೀವ’, ‘ಅವರ ನಗು ಮನೆಯ ಬೆಳಕಾಗಿತ್ತು’ ಇಂಥವುಗಳ ಕೆಳಗೆ ಗೆರೆ ಹಾಕಿ. ಇವು ಯಾರ ಸಾವಿಗೂ ಹೊಂದುತ್ತವೆ, ಆದ್ದರಿಂದ ಯಾರಿಗೂ ಹುಸಿಯಾಗುವುದಿಲ್ಲ. ‘ಕಾಲುವೆಗೆ ನೀರು ಬಿಟ್ಟ ರಾತ್ರಿ ಟಾರ್ಚ್ ಹಿಡಿದು ತೂಬಿನ ಹತ್ತಿರವೇ ಕೂತಿರುತ್ತಿದ್ದರು’ ಎಂಬಂಥ ಸಾಲು ಸಿಕ್ಕರೆ ಅದು ಮಗ ಕೊಟ್ಟದ್ದು. ಅದು ಸುಳ್ಳಾಗಬಲ್ಲದು, ಊರವರಲ್ಲೊಬ್ಬರು ‘ಇಲ್ಲಪ್ಪ, ಅದು ಅವರ ತಮ್ಮ’ ಎನ್ನಬಹುದು. ಬಹುಶಃ ನೀವು ಅತ್ತದ್ದು ಇಂಥ ಸಾಲಿಗೇ.

ಇದನ್ನು ಒಪ್ಪದವರಿದ್ದಾರೆ, ಹಗುರದವರಲ್ಲ. ಫ್ರೆಂಚ್ ತತ್ವಜ್ಞಾನಿ ಜಾಕ್ ಡೆರಿಡಾ 1962ರಲ್ಲಿ ಇದೇ ‘ರೇಖಾಗಣಿತದ ಮೂಲ’ಕ್ಕೆ ದೀರ್ಘ ಪ್ರಸ್ತಾವನೆ ಬರೆದ, 1967ರ ಪುಸ್ತಕದಲ್ಲಿ ಹುಸರ್ಲನ ಅರ್ಥವಿಚಾರವನ್ನೇ ಹಿಡಿದು ಅಲ್ಲಾಡಿಸಿದ. ಅವನ ಪ್ರಕಾರ ಸಂಕೇತ ಸಂಕೇತವಾಗುವುದೇ ಬರೆದವನಿಲ್ಲದಾಗಲೂ ಮರಳಿ ಮರಳಿ ಬಳಕೆಯಾಗಬಲ್ಲದು ಎಂಬ ಕಾರಣಕ್ಕೆ. ಹಾಗಿದ್ದ ಮೇಲೆ ಒಳಗೆ ಯಾರೋ ಕೂತು ಅರ್ಥ ತುಂಬಬೇಕು ಎಂದೇಕೆ ಹಟ? ಎಐ ಪರವಾಗಿ ವಾದಿಸುವವರಿಗೆ ಇದಕ್ಕಿಂತ ಗಟ್ಟಿ ವಾದ ಇಲ್ಲ. ಆದರೆ ಸಂಕೇತ ಯಾರೂ ಇಲ್ಲದೆಯೂ ಉಳಿಯುತ್ತದೆ ಎಂಬುದರಿಂದ ಯಾರಿಗೂ ಅಲ್ಲದೆ ಅರ್ಥವಾಗುತ್ತದೆ ಎಂದು ಬರುವುದಿಲ್ಲ. ಮಸ್ಕಿಯ ಬಂಡೆ ಮೊದಲನೆಯದಕ್ಕೆ ಸಾಕ್ಷಿ, ಎರಡನೆಯದಕ್ಕಲ್ಲ.

ಕ್ಯಾಮೆರಾ, ಸೆನ್ಸರ್ ಇರುವ ಯಂತ್ರಗಳ ಮಾತು ಸ್ವಲ್ಪ ಬೇರೆ. ಜಲಾಶಯದ ಮಟ್ಟ ಇಷ್ಟಿರಬೇಕೆಂದು ಊಹಿಸಿ, ಅಳತೆ ಬೇರೆ ಬಂದಾಗ ತನ್ನನ್ನು ತಿದ್ದಿಕೊಳ್ಳುವ ಯಂತ್ರಕ್ಕೆ ಹುಸಿಯಾಯಿತು ಎನ್ನಬಹುದಲ್ಲ? ಇಲ್ಲಿ ಕಾಂಟ್ ಕೈಗೆ ಬರುತ್ತಾನೆ. ‘ಶುದ್ಧ ವಿವೇಚನೆಯ ವಿಮರ್ಶೆ’ಯ 1787ರ ಎರಡನೇ ಆವೃತ್ತಿಯಲ್ಲಿ ಅವನು ಹೇಳುವುದು: ‘ನಾನು ಯೋಚಿಸುತ್ತೇನೆ’ ಎಂಬುದು ನನ್ನ ಎಲ್ಲ ಗ್ರಹಿಕೆಗಳ ಜೊತೆಗೂ ಬರಲು ಸಾಧ್ಯವಿರಬೇಕು. ಎರಡು ಅಂಕಿ ತಾಳೆಯಾಗದಿರುವುದು ಒಂದು ಘಟನೆ. ಎರಡನ್ನೂ ತನ್ನವೆಂದು ಹಿಡಿದು ‘ನಾನು ತಪ್ಪಿದೆ’ ಎಂದು ಒಪ್ಪಿಕೊಳ್ಳುವುದು ಇನ್ನೊಂದು. ಹುಸರ್ಲನಲ್ಲಾಗಲಿ ಕಾಂಟನಲ್ಲಾಗಲಿ ಸಿಲಿಕಾನಿಗೆ ಇದು ಎಂದೆಂದಿಗೂ ಅಸಾಧ್ಯ ಎಂಬ ನಿಷೇಧ ಇಲ್ಲ. ಅವರು ಕೇಳುವುದು ರಚನೆಯನ್ನು, ಮಾಂಸವನ್ನಲ್ಲ. ದೇಹ ಬೇಕೇ ಬೇಕು ಎಂದು ಪಟ್ಟು ಹಿಡಿದವನು ಅಮೆರಿಕದ ತತ್ವಜ್ಞಾನಿ ಹ್ಯೂಬರ್ಟ್ ಡ್ರೈಫಸ್. ಹುಸರ್ಲನ ನಂತರ ಫಿನಾಮಿನಾಲಜಿಯನ್ನು ಬೆಳೆಸಿದ ಹೈಡೆಗರ್ ಮತ್ತು ಮೆರ್ಲೋ-ಪೋಂಟಿ ಇವರ ಬಲದಿಂದ 1972ರಲ್ಲಿ ಅವನು ಮಾಡಿದ ಟೀಕೆ, ನಿಯಮಗಳನ್ನು ಕೈಯಾರೆ ಬರೆದು ಬುದ್ಧಿ ಕಟ್ಟಬಹುದು ಎಂದುಕೊಂಡಿದ್ದ ಅಂದಿನ ಎಐ ಮೇಲೆ. ಇಂದಿನದು ನಿಯಮದಿಂದ ಕಟ್ಟಿದ್ದಲ್ಲ, ಆದ್ದರಿಂದ ಅವನ ಅರ್ಧ ವಾದ ಈಗ ಗುರಿ ತಪ್ಪುತ್ತದೆ. ಮಿಕ್ಕ ಅರ್ಧ, ಅಂದರೆ ಏನು ಮುಖ್ಯ ಏನು ಅಮುಖ್ಯ ಎಂಬುದು ಬದುಕಿನಲ್ಲಿ ಸಿಕ್ಕಿಕೊಂಡವನಿಗೆ ಮಾತ್ರ ತೋರುತ್ತದೆ ಎಂಬುದು, ಈಗಲೂ ಚುಚ್ಚುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಮೊಬೈಲ್ ‘ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ’ ಎಂದರೆ ಎದುರಿಗೆ ಯಾರೋ ಇದ್ದಾರೆ ಅನ್ನಿಸುತ್ತದೆ. ಅದು ನಿಮ್ಮ ದಡ್ಡತನವಲ್ಲ. ಉದಯಿಸುವ ಚಂದ್ರ ದೊಡ್ಡದಾಗಿ ಕಾಣುವುದನ್ನು ಖಗೋಳಶಾಸ್ತ್ರಜ್ಞನೂ ತಡೆಯಲಾರ, ಆದರೂ ಅವನು ಮೋಸ ಹೋಗುವುದಿಲ್ಲ ಎಂದು ಕಾಂಟ್ ಬರೆಯುತ್ತಾನೆ. ಬುದ್ಧಿಗೆ ಸಹಜವಾದ ಇಂಥ ಭ್ರಮೆ ತಿಳಿವಳಿಕೆಯಿಂದ ಮಾಯವಾಗುವುದಿಲ್ಲ. ಅದರ ಮೇಲೆ ಕಣ್ಣಿಡಬಹುದು ಅಷ್ಟೆ. ಹುಸರ್ಲನ ಐದನೆಯ ‘ಕಾರ್ಟೀಸಿಯನ್ ಮೆಡಿಟೇಶನ್’ (1931) ಪರೀಕ್ಷೆಯೊಂದನ್ನೂ ಕೊಡುತ್ತದೆ: ಇನ್ನೊಬ್ಬರ ಮನಸ್ಸು ನಮಗೆ ನೇರವಾಗಿ ಕಾಣುವುದಿಲ್ಲ, ಅವರ ನಡೆ ಬದಲಾಗುತ್ತಲೇ ಒಂದಕ್ಕೊಂದು ಕೂಡಿಕೊಂಡು ಸಾಗುವುದರಿಂದ ಅದು ನಮಗೆ ದೃಢವಾಗುತ್ತ ಹೋಗುತ್ತದೆ, ಕೂಡಿಕೆ ತಪ್ಪಿದರೆ ತೋರಿಕೆಯ ದೇಹ ಎಂದು ಗೊತ್ತಾಗುತ್ತದೆ. ಮಾಡಿ ನೋಡಿ. ನಿಮ್ಮ ಮನೆಯ ಒಂದು ಜಗಳವನ್ನು ನಿಮ್ಮ ಪರವಾಗಿ ಬರೆದು ಅದರ ಅಭಿಪ್ರಾಯ ಕೇಳಿ. ಹೊಸ ಚಾಟ್ ತೆರೆದು ಅದೇ ಜಗಳವನ್ನು ಎದುರಿನವರ ಪರವಾಗಿ ಬರೆದು ಕೇಳಿ. ಎರಡು ಕಡೆಯೂ ಸಮಾಧಾನ ಹೇಳುವ ಸಾಧ್ಯತೆ ಹೆಚ್ಚು. ‘ನೀನು ಹೇಳಿದ್ದು ತಪ್ಪು’ ಎಂದು ಸುಮ್ಮನೆ ಒತ್ತಿ ಹೇಳಿದರೆ, ಸರಿಯಾದ ಉತ್ತರವನ್ನೂ ಹಿಂತೆಗೆದುಕೊಂಡು ಕ್ಷಮೆ ಕೇಳುವುದೂ ಉಂಟು. ಮನುಷ್ಯರ ಮೆಚ್ಚುಗೆಯ ಅಂಕಗಳಿಂದ ಈ ಮಾದರಿಗಳನ್ನು ಹದ ಮಾಡುತ್ತಾರೆ. ಒಪ್ಪಿಗೆಯ ಮಾತಿಗೆ ಅಂಕ ಹೆಚ್ಚು ಬೀಳುತ್ತದೆ.

ಇನ್ನು ಔಷಧಿ ವಿಷಯ. ಇಲ್ಲಿ ತತ್ವಶಾಸ್ತ್ರಕ್ಕಿಂತ ಮೊದಲು ಲೆಕ್ಕ. ಡಬ್ಬಿಯ ಮೇಲೆ ಲೀಟರ್ ನೀರಿಗೆ 2 ಮಿಲಿ ಎಂದಿದ್ದು, ಎಕರೆಗೆ 200 ಲೀಟರ್ ನೀರು ಹಿಡಿದರೆ, ಎಕರೆಗೆ 400 ಮಿಲಿ. 16 ಲೀಟರಿನ ಟ್ಯಾಂಕಿಗೆ 32 ಮಿಲಿ. ಇದು ಲೆಕ್ಕದ ಉದಾಹರಣೆ ಮಾತ್ರ, ಶಿಫಾರಸಲ್ಲ. ಎಐ ಎಡವುವುದು ಸಾಮಾನ್ಯವಾಗಿ ಎರಡು ಕಡೆ: ಲೀಟರಿನ ಲೆಕ್ಕವನ್ನೂ ಎಕರೆಯ ಲೆಕ್ಕವನ್ನೂ ಕಲಸುತ್ತದೆ, ಒಂದೇ ಔಷಧಿಯ ಬೇರೆ ಬೇರೆ ಸಾಂದ್ರತೆಗಳನ್ನು ಒಂದೇ ಎಂದು ಹಿಡಿಯುತ್ತದೆ. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ದ್ರವ, 70 ಡಬ್ಲ್ಯೂಜಿ ಹರಳು. ಹೆಸರು ಒಂದೇ, ಶೇಕಡಾವಾರು ಸುಮಾರು ನಾಲ್ಕು ಪಟ್ಟು. ಬರಹದಲ್ಲಿ ಈ ಎರಡರ ಪ್ರಮಾಣ ಅಕ್ಕಪಕ್ಕದಲ್ಲೇ ಓಡಾಡುತ್ತದೆ, ಆದ್ದರಿಂದ ತಪ್ಪು ಪ್ರಮಾಣವೂ ಸರಿಯಾದದ್ದರಷ್ಟೇ ಸರಾಗವಾಗಿ ಬರುತ್ತದೆ. ವಾಕ್ಯದ ಧಾಟಿಯಲ್ಲಿ ಒಂದು ತಡವರಿಕೆಯೂ ಇರುವುದಿಲ್ಲ. ಪೈರು ಸುಟ್ಟರೆ ಹುಸಿಯಾಗುವುದು ನಿಮ್ಮ ಮನೆಯವರಿಗೆ. ಆದ್ದರಿಂದ ಡಬ್ಬಿಯ ಲೇಬಲ್, ರೈತ ಸಂಪರ್ಕ ಕೇಂದ್ರ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರ ಮಾತು, ಈ ಮೂರರಲ್ಲಿ ಒಂದಕ್ಕೆ ತಾಳೆ ನೋಡದೆ ಟ್ಯಾಂಕಿಗೆ ಸುರಿಯಬಾರದು.

ಹೊಣೆ ಯಾರದು ಎಂಬುದಕ್ಕೆ ಕಾಂಟ್ 1797ರ ‘ನೀತಿಯ ತತ್ವಮೀಮಾಂಸೆ’ಯಲ್ಲಿ ಗೆರೆ ಎಳೆದಿದ್ದಾನೆ: ಯಾರ ಕೃತ್ಯವನ್ನು ಅವರ ತಲೆಗೇ ಕಟ್ಟಬಹುದೋ ಅದು ವ್ಯಕ್ತಿ, ಏನನ್ನೂ ಕಟ್ಟಲಾಗದ್ದು ವಸ್ತು. ಈ ಲೆಕ್ಕದಲ್ಲಿ ಎಐ ವಸ್ತು. ಹೊಣೆ ಅದನ್ನು ಮಾಡಿ ಬಿಟ್ಟವರದು, ಕೃಷಿಗೆ ಆಗುತ್ತದೆ ಎಂದು ಮಾರಿದವರದು, ಲೇಬಲ್ ಓದದೆ ಹೊಡೆದವರದು. ಪಾಲು ಎಷ್ಟೆಷ್ಟು ಎಂಬುದನ್ನು ಕಾನೂನು ನೋಡಿಕೊಳ್ಳಲಿ. ‘ಎಐ ಹೇಳಿತು’ ಎಂಬ ಮಾತಿಗೆ ಕರ್ತೃ ಇದ್ದಂತೆ ಕಾಣುತ್ತದೆ, ಹಿಡಿಯಹೋದರೆ ಯಾರೂ ಇರುವುದಿಲ್ಲ. ಕಚೇರಿಗಳು ಈ ವಾಕ್ಯವನ್ನು ಬೇಗ ಕಲಿತುಕೊಳ್ಳುತ್ತವೆ ಎಂಬುದೇ ನನ್ನ ಹೆದರಿಕೆ.

ಅದು ‘ಸುಳ್ಳು ಹೇಳಬಾರದು’ ಎನ್ನುತ್ತದಲ್ಲ, ಅದು ನೀತಿಯಲ್ಲವೇ ಎಂದು ನಿಮ್ಮ ಗುಂಪಿನಲ್ಲಿ ಯಾರಾದರೂ ಕೇಳುತ್ತಾರೆ. 1785ರ ಚಿಕ್ಕ ಪುಸ್ತಕ ‘ನೀತಿಯ ತತ್ವಮೀಮಾಂಸೆಗೆ ತಳಪಾಯ’ದಲ್ಲಿ ಒಬ್ಬ ಅಂಗಡಿಯವನಿದ್ದಾನೆ. ಮಗು ಬಂದರೂ ದೊಡ್ಡವರು ಬಂದರೂ ಒಂದೇ ದರ. ಗಿರಾಕಿ ಕೈಬಿಡಬಾರದೆಂದು ಹೀಗೆ ಮಾಡಿದರೆ ಅವನ ನಡೆ ಕರ್ತವ್ಯಕ್ಕೆ ಹೊಂದುತ್ತದೆ, ಕರ್ತವ್ಯದಿಂದ ಹುಟ್ಟಿದ್ದಲ್ಲ. ಯಂತ್ರದ ಒಳ್ಳೆಯ ಮಾತು ಈ ಅಂಗಡಿಯವನಿಗಿಂತಲೂ ಒಂದು ಮೆಟ್ಟಿಲು ಕೆಳಗೆ: ಅವನಿಗೆ ಮೋಸ ಮಾಡುವ ಆಸೆಯಾದರೂ ಬರಬಹುದಿತ್ತು. ಆಸೆಯೇ ಇಲ್ಲದ ಕಡೆ ಅದನ್ನು ತಡೆದ ಹಿರಿಮೆಯೂ ಇಲ್ಲ. ಹೊಂದಿಕೆ ಬೇಡವೆಂದಲ್ಲ, ನನಗಂತೂ ಹೊಂದುವ ಯಂತ್ರವೇ ಬೇಕು. ಅದನ್ನು ಸದ್ಗುಣ ಎಂದು ಕರೆಯದಿದ್ದರಾಯಿತು.

ನುಡಿನಮನಕ್ಕೆ ಮರಳಿದರೆ, ಮಗ ಮಾಡಿದ್ದು ತಪ್ಪೇ? ನಿಮ್ಮ ಕಡೆ ಸಾವಿನ ಮನೆಯಲ್ಲಿ ಭಜನೆ ತಂಡದವರು ರಾತ್ರಿಯಿಡೀ ತತ್ವಪದ ಹಾಡುತ್ತಾರೆ. ಆ ಪದ ಅವರು ಬರೆದದ್ದಲ್ಲ, ಸತ್ತವರನ್ನು ಕುರಿತು ಬರೆದದ್ದೂ ಅಲ್ಲ. ಯಾರೂ ಆಕ್ಷೇಪಿಸುವುದಿಲ್ಲ, ಏಕೆಂದರೆ ‘ಇದು ನಾನೇ ಕಟ್ಟಿದ್ದು’ ಎಂದು ಹಾಡುವವರು ಹೇಳಿಕೊಳ್ಳುವುದಿಲ್ಲ. ಹಾಡುವಾಗ ಆ ಮಾತಿಗೆ ಜೀವ ತುಂಬುತ್ತಾರೆ. ಹಾಗಾಗಿ ಬೇರೆಯವರ ಮಾತು ಬಳಸಿದ್ದರಲ್ಲಿ ದೋಷವಿಲ್ಲ. ಆದರೆ ಹುಸರ್ಲ್ ಹೇಳುವಂತೆ ಆಡಿದ ಮಾತು ತನ್ನ ಅರ್ಥವನ್ನು ಹೇಳುವುದರ ಜೊತೆಗೆ ಆಡಿದವರ ಒಳಗನ್ನೂ ಸೂಚಿಸುತ್ತದೆ. ಮಗ ಎದ್ದು ನಿಂತು ‘ಅಪ್ಪ ನನಗೆ…’ ಎಂದು ಓದಿದಾಗ, ಈ ಮಾತು ಹುಡುಕಿದವನು ಇವನೇ ಎಂದು ಕೇಳುಗರು ತಿಳಿಯುತ್ತಾರೆ. ಸಾಲು ಸಾಲನ್ನೂ ಓದಿ, ಒಪ್ಪದ್ದನ್ನು ಹೊಡೆದುಹಾಕಿ, ಒಪ್ಪಿದ್ದನ್ನು ತನ್ನದು ಮಾಡಿಕೊಂಡಿದ್ದರೆ ಅದೂ ತತ್ವಪದದಂತೆಯೇ ಸಲ್ಲುತ್ತದೆ. ನೋಡದೆ ಓದಿದ್ದರೆ ಆ ಸೂಚನೆ ಖೊಟ್ಟಿ. ಫ್ರೆಂಚ್ ತತ್ವಜ್ಞಾನಿ ಎಮ್ಯಾನುಯೆಲ್ ಲೆವಿನಾಸ್ 1961ರಲ್ಲಿ ಬರೆದದ್ದನ್ನು ಇಲ್ಲಿ ಸೇರಿಸಬೇಕು: ಎದುರಿನವರ ಮುಖ, ನಾನು ಏನನ್ನಾದರೂ ನಿರ್ಧರಿಸುವ ಮೊದಲೇ ನನ್ನಿಂದ ಉತ್ತರ ಬೇಡುತ್ತದೆ. ಆ ದಿನ ಅಲ್ಲಿ ಉತ್ತರ ಬೇಡುತ್ತಿದ್ದ ಮುಖ ಅವನ ತಾಯಿಯದು. ಯಂತ್ರಕ್ಕೆ ಮುಖವಿಲ್ಲ, ಎರಡು ಮುಖಗಳ ನಡುವೆ ಅದು ಪರದೆಯೂ ಆಗಬಹುದು, ಕಾಗದವೂ ಆಗಬಹುದು.

ದೇವರ ಪ್ರಶ್ನೆಗೆ ಬಂದ ಎರಡು ಪುಟದ ರೂಪ ಊಹಿಸಬಲ್ಲೆ: ಪರ ಮೂರು ವಾದ, ವಿರುದ್ಧ ಮೂರು ವಾದ, ಕೊನೆಗೆ ‘ಇದು ವೈಯಕ್ತಿಕ ನಂಬಿಕೆ’. ದೇವರಿದ್ದಾನೆಂದು ಸಾಧಿಸುವ ಮೂರು ಸಾಂಪ್ರದಾಯಿಕ ವಾದಗಳನ್ನೂ ಕಾಂಟ್ 1781ರಲ್ಲೇ ಬಿಚ್ಚಿ ಇಟ್ಟ. ಇರುವಿಕೆ ಒಂದು ಗುಣವಲ್ಲ. ಮನಸ್ಸಿನಲ್ಲಿರುವ ನೂರು ಥಾಲರ್ ನಾಣ್ಯಕ್ಕೂ ಕೈಯಲ್ಲಿರುವ ನೂರಕ್ಕೂ ಕಲ್ಪನೆಯಲ್ಲಿ ಒಂದು ಕಾಸಿನ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಕಿಸೆಯಲ್ಲಿ. ಆದ್ದರಿಂದ ಕಲ್ಪನೆಯನ್ನು ಎಷ್ಟು ಹಿಂಜಿದರೂ ದೇವರ ಇರುವಿಕೆ ಹೊರಬೀಳುವುದಿಲ್ಲ, ಇಲ್ಲದಿರುವಿಕೆಯೂ ಬೀಳುವುದಿಲ್ಲ. ಆದರೆ 1788ರಲ್ಲಿ ಅವನೇ ದೇವರನ್ನು ನಡೆಯ ಕಡೆಯಿಂದ ಒಳಗೆ ಕರೆಯುತ್ತಾನೆ: ಒಳ್ಳೆಯದನ್ನು ಮಾಡಲೇಬೇಕಾದವನು, ಒಳ್ಳೆಯತನಕ್ಕೂ ಸುಖಕ್ಕೂ ಎಲ್ಲಿಯಾದರೂ ತಾಳೆಯಾಗುತ್ತದೆ ಎಂದು ನಂಬದೆ ಮುಂದಡಿ ಇಡಲಾರ. ಈ ಪ್ರಶ್ನೆ ಹುಟ್ಟುವುದು ನಡೆಯಬೇಕಾದವನಿಗೆ. ಎರಡು ಪುಟ ಬರೆದದ್ದಕ್ಕೆ ಎಲ್ಲಿಗೂ ನಡೆಯಬೇಕಾಗಿಲ್ಲ.

ಹುಸರ್ಲ್ 1913ರ ‘ಐಡಿಯಾಸ್’ ಗ್ರಂಥದ 58ನೇ ಪರಿಚ್ಛೇದದಲ್ಲಿ ದೇವರನ್ನೂ ಕಂಸದೊಳಗೆ ಇಡುತ್ತಾನೆ. ಇದು ನಾಸ್ತಿಕತೆಯಲ್ಲ, ಇದೆ, ಇಲ್ಲ ಎಂಬ ಎರಡು ತೀರ್ಪನ್ನೂ ತಡೆಹಿಡಿದು, ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ನೋಡುವ ಶಿಸ್ತು. ಕೊಪ್ಪಳದ ಗವಿಮಠದ ತೇರಿನ ಹೊತ್ತಿಗೆ ಉತ್ತತ್ತಿ ಎಸೆಯುವ ಹೆಂಗಸನ್ನು ಗಮನಿಸಿ. ಅವಳ ಕಣ್ಣು ಕಳಸದ ಮೇಲೆ, ಕೈ ಎಸೆಯುತ್ತದೆ, ತುಟಿ ಏನೋ ಹೇಳುತ್ತದೆ; ಅವಳು ನೆಟ್ಟಿರುವುದು ಮರದ ಮೇಲಲ್ಲ, ಬಟ್ಟೆಯ ಮೇಲಲ್ಲ. ಯಾವುದರ ಮೇಲೆ ಎಂಬುದನ್ನು ಅವಳು ನೆಟ್ಟಂತೆಯೇ ವಿವರಿಸಬೇಕು, ಇದ್ದಾನೆ ಎಂದೂ ಸೇರಿಸಬಾರದು, ಇಲ್ಲ ಎಂದೂ ಕಳೆಯಬಾರದು. ಫ್ರಾನ್ಸಿನ ಜಾನ್-ಲುಕ್ ಮಾರಿಯೋನ್ 1997ರಲ್ಲಿ ಇನ್ನೂ ಮುಂದೆ ಹೋದ: ಕೆಲವು ಅನುಭವಗಳಲ್ಲಿ ಕಂಡದ್ದು ನಮ್ಮ ಕಲ್ಪನೆಯ ಪಾತ್ರೆಗೆ ಮೀರಿ ಉಕ್ಕುತ್ತದೆ. ಇದು ದೇವರನ್ನು ಹಿಂಬಾಗಿಲಿನಿಂದ ತರುವುದು ಎಂದು ಡೊಮಿನಿಕ್ ಜಾನಿಕೊ 1991ರಲ್ಲೇ ಫಿನಾಮಿನಾಲಜಿಯನ್ನು ದೇವರ ಕಡೆ ತಿರುಗಿಸಿದ ಈ ಪಂಥದವರನ್ನೆಲ್ಲ ತರಾಟೆಗೆ ತೆಗೆದುಕೊಂಡಿದ್ದ. ವಿಧಾನದ ಮಟ್ಟಿಗೆ ಜಾನಿಕೊ ಸರಿ, ವಿವರಣೆಯ ಮಟ್ಟಿಗೆ ಮಾರಿಯೋನ್ ಮೇಲು ಎಂಬುದು ನನ್ನ ಎಣಿಕೆ. ಹೇಗೂ ಎಐ ಇದರ ಇನ್ನೊಂದು ತುದಿಯಲ್ಲಿದೆ: ಅಲ್ಲಿ ಮಾತು ಅಪಾರ, ಕಂಡದ್ದು ಸೊನ್ನೆ.

ಮಗಳಿಗೆ ಒಂದು ಜಾಗ ಮಾತ್ರ ತೋರಿಸಿ. ಎಲ್ಲ ವಾಸ್ತವಗಳ ಒಟ್ಟು ಮೊತ್ತ ಎಂಬ ಕಲ್ಪನೆಯನ್ನು ಬುದ್ಧಿ ಮೊದಲು ವಸ್ತುವೆಂದು ಹಿಡಿಯುತ್ತದೆ, ಆಮೇಲೆ ಸ್ವತಂತ್ರವಾಗಿ ನಿಂತದ್ದೆಂದು ಭಾವಿಸುತ್ತದೆ, ಕೊನೆಗೆ ವ್ಯಕ್ತಿಯೆಂದೇ ಮಾಡಿಬಿಡುತ್ತದೆ ಎಂದು ಕಾಂಟ್ ದೇವರ ಕಲ್ಪನೆಯನ್ನು ಕುರಿತು ಒಂದು ಅಡಿಟಿಪ್ಪಣಿಯಲ್ಲಿ ಬರೆದಿದ್ದಾನೆ. ಜನ ‘ಅದಕ್ಕೆ ಎಲ್ಲಾ ಗೊತ್ತು’ ಎಂದು ಮೊಬೈಲಿನ ಬಗ್ಗೆ ಮಾತಾಡುವುದರಲ್ಲಿ ಇದೇ ಮೂರು ಮೆಟ್ಟಿಲು, ಇದೇ ಅನುಕ್ರಮ: ಬರಹಗಳ ರಾಶಿ, ಅದೊಂದು ವಸ್ತು, ಅದೊಂದು ಆಸಾಮಿ.

ಗುಂಪಿಗೆ ಒಂದು ಗಂಟೆಯ ಅಭ್ಯಾಸ ಹೇಳುತ್ತೇನೆ. ಎಐ ಕೊಟ್ಟ ಒಂದು ಉತ್ತರದ ಹತ್ತು-ಹನ್ನೆರಡು ವಾಕ್ಯ ಪ್ರಿಂಟ್ ತೆಗೆಸಿ, ಮೊಬೈಲ್ ಒಳಗಿಡಿ. ಮೊದಲ ಹತ್ತು ನಿಮಿಷ ಸುಮ್ಮನೆ ಓದುವುದು, ಸರಿ-ತಪ್ಪು ಹೇಳುವಂತಿಲ್ಲ; ಕಂಸದಲ್ಲಿಡುವುದು ಎಂದರೆ ಇದೇ. ಆಮೇಲೆ ಪ್ರತಿ ವಾಕ್ಯದ ಎದುರು ಎರಡು ವಿಷಯ ಬರೆಯಿರಿ: ಇದು ಯಾವುದರಿಂದ ತುಂಬುತ್ತದೆ (ಕಣ್ಣಾರೆ ನೋಡಿ, ಲೆಕ್ಕ ಮಾಡಿ, ಬಲ್ಲವರ ಮಾತು ಕೇಳಿ, ಸ್ವಂತ ಬದುಕಿನಿಂದ), ಮತ್ತು ಇದು ಹುಸಿಯಾದರೆ ಯಾರಿಗೆ. ಎರಡನೆಯದಕ್ಕೆ ಹೆಸರು ಸಿಗದ ವಾಕ್ಯಕ್ಕೆ ಸುತ್ತು ಹಾಕಿ. ಕೆಡುವುದು ಸಾಮಾನ್ಯವಾಗಿ ಇಲ್ಲಿ: ಕಂಸದಲ್ಲಿಡುವುದು ಎಂದರೆ ಅನುಮಾನಿಸುವುದು ಎಂದುಕೊಂಡು ಎಲ್ಲರೂ ತಪ್ಪು ಹುಡುಕಲು ಶುರು ಮಾಡುತ್ತಾರೆ. ಅದು ಎಲ್ಲವನ್ನೂ ಅನುಮಾನಿಸುವುದರಿಂದ ಶುರು ಮಾಡಿದ ತತ್ವಜ್ಞಾನಿ ದೆಕಾರ್ತನ ಆಟ. ತಡೆದು ಮತ್ತೆ ವಾಕ್ಯಕ್ಕೆ ಕರೆತನ್ನಿ. ಇನ್ನು ಕೆಲವರು ‘ನನಗೆ ಹೀಗನ್ನಿಸಿತು’ ಎಂದು ಭಾವನೆಗೆ ಇಳಿಯುತ್ತಾರೆ. ಅವರನ್ನು ‘ಯಾವುದರ ಬಗ್ಗೆ ಅನ್ನಿಸಿತು’ ಎಂದು ಕೇಳಿ. ಕೊನೆಯ ಹದಿನೈದು ನಿಮಿಷ ನಿಮ್ಮಲ್ಲೊಬ್ಬರು ಕೈಯಿಂದ ಬರೆದ ಐದು ಸಾಲಿಗೆ, ಸಾಧ್ಯವಾದರೆ ಇಲಾಖೆಯ ಒಂದು ಸುತ್ತೋಲೆಗೆ, ಇದೇ ಪರೀಕ್ಷೆ ಮಾಡಿ. ಸುತ್ತುಗಳು ಅಲ್ಲೂ ಬೀಳುತ್ತವೆ. ನಾವೂ ಬಹಳ ಹೊತ್ತು ಖಾಲಿಯಾಗಿಯೇ ಮಾತಾಡುತ್ತೇವೆ; ಆದರೆ ತಡೆದು ಕೇಳಿದರೆ ತುಂಬಿಸಲು ಹೊರಡಬಲ್ಲೆವು.

ಓದಿನ ಕ್ರಮ: ‘ಶುದ್ಧ ವಿವೇಚನೆಯ ವಿಮರ್ಶೆ’ಯಿಂದ ಶುರು ಮಾಡಿದ ಗುಂಪುಗಳು ಎರಡನೇ ತಿಂಗಳಿಗೆ ಒಡೆಯುತ್ತವೆ. ಮೊದಲು 1785ರ ‘ತಳಪಾಯ’. ಅದರ ಮೂರು ಭಾಗಗಳಲ್ಲಿ ಮೊದಲ ಎರಡು ಸಾಕು, ಮೂರನೆಯದು ಕಾಂಟನಿಗೇ ಕಷ್ಟವಾದದ್ದು. ಆಮೇಲೆ 1783ರ ‘ಪ್ರೊಲೆಗೊಮೆನಾ’, ಅದು ದೊಡ್ಡ ಗ್ರಂಥಕ್ಕೆ ಅವನೇ ಬರೆದ ಕಿರುದಾರಿ. ಹುಸರ್ಲನಲ್ಲಿ ಮೊದಲ ಶೋಧನೆಯ ಮೊದಲ ಅಧ್ಯಾಯ, ನಂತರ ‘ರೇಖಾಗಣಿತದ ಮೂಲ’. ಐದನೆಯ ಮೆಡಿಟೇಶನ್ ಕೊನೆಗಿರಲಿ. ಒಂದು ಬೈಠಕ್ಕಿಗೆ ನಾಲ್ಕು ಪುಟ, ಒಬ್ಬರು ಗಟ್ಟಿಯಾಗಿ ಓದಿ ಅಲ್ಲಲ್ಲೇ ಕನ್ನಡದಲ್ಲಿ ಹೇಳುವುದು. ಎಐಯಿಂದ ಸಾರಾಂಶ ತೆಗೆಸಬಹುದೇ ಎಂದರೆ, ಓದಿದ ಮೇಲೆ ತೆಗೆಸಿ, ಮೊದಲೇ ಬೇಡ. ಕಾಂಟನ ಒಳ್ಳೆಯ ಅನುವಾದಗಳ ಅಂಚಿನಲ್ಲಿ ಜರ್ಮನ್ ಆವೃತ್ತಿಗಳ ಪುಟಸಂಖ್ಯೆ ಇರುತ್ತದೆ, ಹುಸರ್ಲನಲ್ಲಿ ಪರಿಚ್ಛೇದ ಸಂಖ್ಯೆ. ಎಐ ಕೊಟ್ಟ ಪ್ರತಿ ಉಲ್ಲೇಖಕ್ಕೂ ಸಂಖ್ಯೆ ಕೇಳಿ, ಆ ಪುಟ ತೆರೆದು ನೋಡಿ. ಅಲ್ಲಿ ಆ ಮಾತು ಇಲ್ಲದಿದ್ದರೆ ಆ ಸಾರಾಂಶವನ್ನು ಅಲ್ಲಿಗೇ ಬಿಟ್ಟು ಪುಸ್ತಕಕ್ಕೆ ಮರಳಿ.